ಕೆಂಚು ಮರಿ, ಕಪ್ಪು ಮರಿ: ಅಪ್ಪ ಯಾವ ಬೆಕ್ಕು?

ಪ್ರಶ್ನೆ: ಡಾಕ್ಟ್ರೇ, ನಮ್ಮ ಮೂರು ಬಣ್ಣದ (ಬಿಳಿ, ಕಪ್ಪು, ಕೆಂಚು) ಬೆಕ್ಕಿಗೆ 4 ಮರಿ, ಈಗ 5 ವಾರ. ಗಂಡು ಎರಡರಲ್ಲಿ ಒಂದು ಕೆಂಚು, ಒಂದು ಕಪ್ಪು. ಹೆಣ್ಣು ಎರಡೂ ಹಾಗೇ. ನಮ್ಮ ಬೀದೀಲಿ ಒಂದು ಕೆಂಚು ಗಂಡು, ಒಂದು ಕರಿ ಗಂಡು ತಿರುಗ್ತವೆ. ಅಪ್ಪ ಯಾವುದು?

ಉತ್ತರ: ಗಂಡುಮರಿಗಳನ್ನ ಬಿಟ್ಟಾಕಿ, ಅವುಗಳಿಂದ ಸುಳಿವು ಸಿಗಲ್ಲ. ಕೆಂಚು ಬಣ್ಣದ ಜೀನ್ ಇರೋದು ಎಕ್ಸ್ ಕ್ರೋಮೋಸೋಮ್‌ನಲ್ಲಿ. ಗಂಡುಮರಿಗೆ ಎಕ್ಸ್ ಬರೋದು ತಾಯಿಯಿಂದ ಮಾತ್ರ. ನಿಮ್ಮ ಬೆಕ್ಕಿಗೆ ಒಂದು ಎಕ್ಸ್ ಕೆಂಚಿಂದು, ಇನ್ನೊಂದು ಕಪ್ಪಿಂದು, ಅದಕ್ಕೇ ಎರಡು ಥರದ ಗಂಡು.

ಹೆಣ್ಣುಮರಿಗೆ ಅಪ್ಪನ ಎಕ್ಸ್ ಕೂಡ ಬರುತ್ತೆ. ಪೂರ್ತಿ ಕೆಂಚು ಹೆಣ್ಣಿನ ಅಪ್ಪ ಕೆಂಚನೇ ಆಗಿರಬೇಕು. ಪೂರ್ತಿ ಕಪ್ಪು ಹೆಣ್ಣಿಗೆ ಕೆಂಚ ಅಪ್ಪನಾಗೋಕೆ ಆಗಲ್ಲ. ನೀವು ಹೇಳಿದ್ದು ಸರಿಯಾಗಿದ್ರೆ ಇಬ್ಬರು ಅಪ್ಪಂದಿರು. ಬೆದೆಗೆ ಬಂದ ಬೆಕ್ಕು ಹಲವು ಗಂಡುಗಳ ಜೊತೆ ಕೂಡೋದರಿಂದ ಒಂದೇ ಸೂಲಿನಲ್ಲಿ ಇದು ನಡೆಯುತ್ತೆ.

ಮೊದಲು ಬಾಲ ಎತ್ತಿ ನೋಡಿ. ಗುದದ್ವಾರದ ಕೆಳಗೆ ಸುಮಾರು ಒಂದು ಸೆಂ.ಮೀ. ಅಥವಾ ಹೆಚ್ಚು ಬಿಟ್ಟು ದುಂಡು ಚುಕ್ಕೆ ಇದ್ರೆ ಗಂಡು, ಅದರ ಅರ್ಧ ದೂರದಲ್ಲೇ ಉದ್ದ ಸೀಳು ಇದ್ರೆ ಹೆಣ್ಣು. ಎರಡು ಮರಿ ಪಕ್ಕಪಕ್ಕ ಹಿಡಿದ್ರೆ ತಪ್ಪೋದು ಕಡಿಮೆ. ಆಮೇಲೆ ಕಪ್ಪು ಹೆಣ್ಣನ್ನ ಬಿಸಿಲಿಗೆ ತನ್ನಿ: ಬೆರಳ ಸಂದು, ಗದ್ದ, ಹೊಟ್ಟೆಯಲ್ಲಿ ಕೆಂಚು ಕೂದಲಿದೆಯಾ ನೋಡಿ.

ಪ್ರಶ್ನೆ: ಹೆಣ್ಣೇ. ಹಿಂಗಾಲಿನ ಒಂದು ಬೆರಳಲ್ಲಿ, ಗದ್ದದಲ್ಲಿ ಕೆಂಚು ಕೂದಲಿದೆ.

ಉತ್ತರ: ಕೂದಲು ಬಿಡಿಸಿ ನೋಡಿ. ಬುಡ ಕಪ್ಪಗಿದ್ದು ತುದಿ ಮಾತ್ರ ಕಂದಾಗಿದ್ರೆ ಅದು ಮಾಸಿದ ಕಪ್ಪು. ಬುಡದಿಂದಲೇ ಕಪ್ಪಿಲ್ಲದ ಕೆಂಚಾದ್ರೆ ಮರಿ ಎರಡು ಬಣ್ಣದ್ದು, ಆಗ ಕೆಂಚ ಒಬ್ಬನೇ ಎಲ್ಲಕ್ಕೂ ಅಪ್ಪನಾಗಬಹುದು. ಹೆಣ್ಣು ಭ್ರೂಣದ ಪ್ರತಿ ಜೀವಕೋಶದಲ್ಲೂ ಯಾವುದೋ ಒಂದು ಎಕ್ಸ್ ಮುಚ್ಚಿಕೊಳ್ಳುತ್ತೆ, ಕೆಂಚು ಎಷ್ಟು ಕಾಣುತ್ತೆ ಅನ್ನೋದು ಬರೀ ಆಕಸ್ಮಿಕ. 2001ರಲ್ಲಿ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ಮೂರು ಬಣ್ಣದ ಬೆಕ್ಕಿನಿಂದ ಮಾಡಿದ ತದ್ರೂಪಿ ಮರಿಗೆ ಕೆಂಚು ಬರಲೇ ಇಲ್ಲ!

ಇನ್ನೊಬ್ಬರ ಪ್ರಶ್ನೆ: ಸರ್, ನಮ್ಮ ಸಯಾಮೀಸ್ ಬೆಕ್ಕಿಗೆ ಆಪರೇಷನ್ ಆದ್ಮೇಲೆ, ಪಕ್ಕೆಯಲ್ಲಿ ಬೋಳಿಸಿದ ಜಾಗದಲ್ಲಿ ಕಪ್ಪು ಕೂದಲು ಬಂದಿದೆ. ಸೋಂಕಾ?

ಉತ್ತರ: ಅಲ್ಲಮ್ಮ. ಈ ತಳಿಯಲ್ಲಿ ಬಣ್ಣ ಮಾಡುವ ಕಿಣ್ವ ತಂಪಾದ ಚರ್ಮದಲ್ಲಷ್ಟೇ ಕೆಲಸ ಮಾಡುತ್ತೆ; ಕಿವಿ, ಮೂತಿ, ಬಾಲ ಕಪ್ಪಗಿರೋದು ಅದಕ್ಕೇ. ಬೋಳಾದ ಪಕ್ಕೆ ತಣ್ಣಗಾಯ್ತು, ಕೂದಲು ಕಪ್ಪಾಯ್ತು. ಮುಂದಿನ ಸಲ ಉದುರಿ ಹುಟ್ಟುವಾಗ ಸಾಮಾನ್ಯವಾಗಿ ಹಳೇ ಬಣ್ಣಕ್ಕೆ ಬರುತ್ತೆ, ಕೆಲವು ತಿಂಗಳು ಹಿಡಿಯುತ್ತೆ. ಹೊಲಿಗೆ ಜಾಗ ಊದಿದ್ರೆ, ಕೀವು ಬಂದ್ರೆ ಮಾತ್ರ ಕರ್ಕೊಂಡು ಬನ್ನಿ.