ಅಪ್‌ಡೇಟ್: ಮುಂಗೈ ಗಂಟಿನ ರಿಪೋರ್ಟ್ ಬಂತು, ಕ್ಯಾನ್ಸರ್ ಅಲ್ಲ

ನಲವತ್ತು ದಿನದ ಹಿಂದೆ ಇಲ್ಲೇ ಕೇಳಿದ್ದೆ: ಮೂರೇ ವಾರದಲ್ಲಿ ಅಡಿಕೆ ಗಾತ್ರಕ್ಕೆ ಬೆಳೆದ ಮುಂಗೈ ಗಂಟು ಏನಿರಬಹುದು, ಮಕ್ಕಳಿಗೂ ಬರುತ್ತಾ ಅಂತ.

ಹರಳೆಣ್ಣೆ ಹಚ್ಚಿ ಶಾಖ ಕೊಡಿ ಅಂದಿರಿ. ಐದು ದಿನ ಮಾಡಿದೆ. ಅಂಗಿ ತೋಳೆಲ್ಲ ಜಿಡ್ಡಾಯಿತು, ಗಂಟು ಅಲ್ಲೇ ಇತ್ತು. ಕೊಬ್ಬಿನ ಗಂಟು ಅಂದಿದ್ದೂ ತಪ್ಪಾಯಿತು.

ಚಿಕ್ಕಮಗಳೂರಿನಲ್ಲೇ ಸೂಜಿ ಹಾಕಿ ಚೂರು ತೆಗೆದರು. ಮೊದಲ ರಿಪೋರ್ಟಲ್ಲಿ 'ಸಾರ್ಕೋಮಾ ಇರಬಹುದು' ಅಂತಿತ್ತು, ಅಂದರೆ ಒಂದು ಬಗೆಯ ಕ್ಯಾನ್ಸರ್. ಆ ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಆಗ ನೆನಪಾಗಿದ್ದು ನಿಮ್ಮಲ್ಲೊಬ್ಬರ ಸಲಹೆ: ಅದೇ ಚೂರಿನ ಮೇಲೆ ಯುಎಸ್‌ಪಿ6 ಜೀನ್ ಟೆಸ್ಟ್ ಮಾಡಿಸಿ. ಡಾಕ್ಟರ್ ಒಪ್ಪಿದರು. ಆ ಚೂರನ್ನು ಹುದುಗಿಸಿಟ್ಟ ಮೇಣದ ಬ್ಲಾಕನ್ನು ನಾನೇ ಬಸ್ಸಲ್ಲಿ ಬೆಂಗಳೂರಿಗೆ ಒಯ್ದೆ. ಸವೆದ ಸೋಪಿನ ಚೂರಿನಂಥದ್ದು, ಒಳಗೆ ಎಳ್ಳಿನಷ್ಟು ನನ್ನ ಕೈ!

ಪಾಸಿಟಿವ್ ಬಂತು. ಹೆಸರು ನಾಡ್ಯುಲರ್ ಫ್ಯಾಶಿಯೈಟಿಸ್, ಕ್ಯಾನ್ಸರ್ ಅಲ್ಲದ ಗಂಟು. 17ನೇ ಕ್ರೋಮೋಸೋಮಿನ ಆ ಜೀನ್ ತುಂಡಾಗಿ, ಸಾಮಾನ್ಯವಾಗಿ 22ನೆಯದರ ಎಂವೈಎಚ್9 ಜೀನ್ ಜೊತೆ ಅಂಟಿಕೊಳ್ಳುತ್ತದೆ. ಇದು ಗೊತ್ತಾಗಿದ್ದೇ 2011ರಲ್ಲಿ. ಅದಕ್ಕೂ ಮುಂಚೆ ಪೆಟ್ಟು ಬಿದ್ದು ಊದಿದ್ದು ಅಂತಲೇ ಹೆಚ್ಚಿನವರು ಅಂದುಕೊಂಡಿದ್ದರಂತೆ. ಈ ಬದಲಾವಣೆ ಗಂಟಿನ ಜೀವಕೋಶಗಳಲ್ಲಿ ಮಾತ್ರ, ಮಕ್ಕಳಿಗೆ ಹೋಗಲ್ಲ. "ನಿಮ್ಮ ಅತ್ತೆಗೂ ಗಂಟಿತ್ತು" ಅಂತಿದ್ದ ಅಮ್ಮನಿಗೆ ಇದನ್ನು ಮೂರು ಸಲ ಹೇಳಬೇಕಾಯಿತು.

ಡೆಸ್ಮಾಯ್ಡ್ (ಇನ್ನೊಂದು ಬಗೆಯ ಗಂಟು) ಅಂದವರ ಅನುಮಾನ ಸುಮ್ನೆ ಅಲ್ಲ. ಅದು ಕೆಲವರಿಗೆ ಎಪಿಸಿ ಜೀನಿನಿಂದಾಗಿ ವಂಶದಲ್ಲೇ ಬರುವುದುಂಟು. ನನ್ನದು ಅದಲ್ಲ, ಅಷ್ಟೇ.

ಇದು ಎಷ್ಟೋ ಸಲ ತಾನಾಗೇ ಕರಗುತ್ತದೆ, ಆಪರೇಷನ್‌ಗೆ ಅವಸರ ಬೇಡ ಅಂದರು ಡಾಕ್ಟರ್. ಈಗ ಬಟಾಣಿಯಷ್ಟಿದೆ. ಕಾಫಿ ಗಿಡ ಕಸಿ ಮಾಡುವಾಗ ನೋವೂ ಇಲ್ಲ.