ದೇವರಿಗೆ ಹತ್ತಿರವಾಗಲು ನೀವೇನು ಮಾಡಿದಿರಿ?

ಕೇಳಿದವರು: ಹುಟ್ಟಿದಾಗಿನಿಂದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವಳು. ದೀಕ್ಷಾಸ್ನಾನ, ಕನ್ಫರ್ಮೇಶನ್ ಎಲ್ಲ ಆಗಿದೆ. ಕ್ವೈರ್‌ನಲ್ಲಿ ಹಾಡುತ್ತೇನೆ. ಆದರೆ ಸಭೆಯಲ್ಲಿ ಎದ್ದು ತಮ್ಮ ದೇವಾನುಭವದ ಸಾಕ್ಷಿ ಹೇಳುವವರು "ಕರ್ತನು ನನ್ನ ಸಂಗಡ ಮಾತಾಡಿದನು" ಎಂದಾಗ ಒಳಗೊಳಗೇ ಕುಗ್ಗುತ್ತೇನೆ. ನನಗೆ ಯಾವತ್ತೂ ಹಾಗಾಗಿಲ್ಲ. ಪ್ರಾರ್ಥನೆಗೆ ಕೂತರೆ ಗೋಡೆಗೆ ಮಾತಾಡಿದ ಹಾಗಿರುತ್ತದೆ. ಉಪದೇಶ ಬೇಡ, ನೀವು ಏನು ಮಾಡಿದಿರಿ ಎಂಬುದನ್ನಷ್ಟೇ ಹೇಳಿ.

ಧಾರವಾಡದಿಂದ: ತಂಗಿ, ನಮ್ಮ ಮನಿಯವರು ತೀರಿಕೊಂಡ ವರ್ಷ ನನಗ ಪ್ರಾರ್ಥನಿ ಬಾಯಿಗೆ ಬರ್ತಿದ್ದಿಲ್ಲ. ಆವಾಗ ಬೈಬಲ್‌ನಾಗಿನ ಕೀರ್ತನೆಗಳನ್ನ ಹಿಡದೆ. ಒಟ್ಟು 150 ಅದಾವಲ್ಲ, ಅದರಾಗ ಬರೇ ಸ್ತೋತ್ರದವು ಅಷ್ಟ ಇಲ್ಲ, ದೇವರ ಕೂಡ ಜಗಳ ತಗದವೂ ಭಾಳ ಅದಾವ. 13ನೇದು ನೋಡು, ಇನ್ನ ಎಷ್ಟ ದಿನಾ ನನ್ನ ಮರತಿರ್ತಿ ಅಂತ ದಾವೀದ ನೇರ ಕೇಳ್ತಾನ. 88ನೇದಂತೂ ಕತ್ತಲಿಯೊಳಗ ಸುರುವಾಗಿ ಕತ್ತಲಿಯೊಳಗ ಮುಗೀತದ, ಕಡೀಗೂ ಸಮಾಧಾನದ ಮಾತಿಲ್ಲ. ಅಂಥಾದ್ದೂ ಸತ್ಯವೇದದಾಗ ಅದ ಅಂದಮ್ಯಾಲೆ ನನ್ನ ಸಿಟ್ಟಿಗೂ ಅಲ್ಲೆ ಜಾಗಾ ಅದ ಅನ್ನಿಸ್ತು. ದಿನಾ ಒಂದು, ಮನಸಿನ್ಯಾಗ ಅಲ್ಲ, ಗಟ್ಟಿಯಾಗಿ ಓದಬೇಕು. ಓದಿದಮ್ಯಾಲೆ ಪಾಸ್ಟರ್ ಮಾಡೋ ಹಂಗ "ಸರ್ವಶಕ್ತನಾದ ತಂದೆಯೇ" ಅಂತ ಸುರು ಮಾಡಬ್ಯಾಡ. ಅಡಗಿಮನಿಯಾಗ ಮಾತಾಡೋ ಮಾತಿನ್ಯಾಗ ಮಾತಾಡು.

ಕೋಲಾರದಿಂದ: ಸಿಸ್ಟರ್, ಉಪವಾಸ ಪ್ರಾರ್ಥನೆ ಇಲ್ಲದೆ ಆಗೋದಿಲ್ಲ. ಶುಕ್ರವಾರದ ರಾತ್ರಿ ಪ್ರಾರ್ಥನೆಗೆ ಹೋಗಿ, ಪವಿತ್ರಾತ್ಮನ ಅಭಿಷೇಕಕ್ಕಾಗಿ ಕಣ್ಣೀರಿಟ್ಟು ಕೇಳಿ. ನನಗೆ ಅಲ್ಲೇ ಬಿಡುಗಡೆ ಸಿಕ್ಕಿತು. ಆಮೆನ್.

ಕಾರ್ಕಳದಿಂದ: ಕೋಲಾರದ ಬ್ರದರ್ ಹೇಳಿದ್ದು ಅವರಿಗೆ ಫಲ ಕೊಟ್ಟಿದೆ, ಸಂತೋಷ. ನನಗಂತೂ ಮೈಕು, ಡ್ರಮ್ಮು ಜೋರಾದಷ್ಟು ತಲೆನೋವು ಮಾತ್ರ ಬರುವುದು ಮಾರಾಯ್ರೆ. ನಾವು ಕ್ಯಾಥೋಲಿಕರು, ಸಂಜೆ ತೇರ್ಸ್, ಅಂದರೆ ಜಪಮಾಲೆ ಪ್ರಾರ್ಥನೆ, ತಪ್ಪದ ಮನೆ. ಆದರೆ ಜಪಮಾಲೆಯ ಮಣಿ ಸರಿಯುವಾಗ ಮನಸ್ಸು ಗದ್ದೆ, ಬ್ಯಾಂಕು ಎಲ್ಲ ಸುತ್ತಿಕೊಂಡು ಬರುತ್ತಿತ್ತು. ಧ್ಯಾನಕೂಟದಲ್ಲಿ ಒಬ್ಬ ಫಾದರ್ ಎರಡು ಸಂಗತಿ ಕಲಿಸಿದರು.

ಒಂದು, ಆ ದಿನದ ಸುವಾರ್ತೆಯನ್ನು, ಅಂದರೆ ಬೈಬಲಿನಲ್ಲಿ ಯೇಸುವಿನ ಕಥೆ ಇರುವ ಭಾಗವನ್ನು, ನಿಧಾನ ಓದುವುದು. ಚರ್ಚಿನ ಪೂಜೆಯಲ್ಲಿ ಓದುವುದು ಯಾವ ಭಾಗವೋ ಅದೇ. ಮೊದಲು ಓದು, ಆಮೇಲೆ ಯಾವ ಮಾತು ತಡೆದು ನಿಲ್ಲಿಸಿತೋ ಅದರ ಮೇಲೆ ಧ್ಯಾನ, ಅದನ್ನೇ ಹಿಡಿದು ಪ್ರಾರ್ಥನೆ, ಕೊನೆಗೆ ಸುಮ್ಮನೆ ಇರುವುದು. ಇದಕ್ಕೆ ಲೆಕ್ಷಿಯೊ ದಿವೀನಾ ಎನ್ನುತ್ತಾರೆ. ಈ ನಾಲ್ಕು ಮೆಟ್ಟಿಲನ್ನು 12ನೇ ಶತಮಾನದಲ್ಲಿ ಗುಯಿಗೊ ಎಂಬ ಸನ್ಯಾಸಿ ಬರೆದಿಟ್ಟ. ನನಗೆ ನಾಲ್ಕನೆಯ ಮೆಟ್ಟಿಲು ಇವತ್ತಿಗೂ ಕಷ್ಟ, ನಿದ್ದೆ ಬರುತ್ತದೆ.

ಇನ್ನೊಂದು, ಜೆಸುಯಿಟರೆಂಬ ಪಾದ್ರಿಗಳ ಸಂಘದ ಸಂತ ಇಗ್ನೇಷಿಯಸ್ ಹೇಳಿದ್ದು. ಮಲಗುವ ಮೊದಲು ದಿನವನ್ನು ಬೆಳಿಗ್ಗೆಯಿಂದ ತಿರುಗಿ ನೋಡುವುದು. ಯಾವುದಕ್ಕೆ ಕೃತಜ್ಞತೆ, ಎಲ್ಲಿ ದೇವರು ಕರೆದರೂ ಕಿವುಡಾದೆ, ನಾಳೆಗೆ ಏನು ಕೇಳಲಿ, ಇಷ್ಟೆ. ನಿಮ್ಮ ಪ್ರಶ್ನೆಗೆ ಇದೇ ಮದ್ದು ಅಂತ ನನ್ನ ಎಣಿಕೆ. ದೇವರ ಮಾತು ಪ್ರಾರ್ಥನೆಗೆ ಕೂತಾಗಲೇ ಕೇಳಬೇಕೆಂದಿಲ್ಲ. ಮಧ್ಯಾಹ್ನ ಯಾರೋ ಆಡಿದ ಮಾತಿನಲ್ಲಿ ಇದ್ದದ್ದು ರಾತ್ರಿಗೆ ಗೊತ್ತಾಗುತ್ತದೆ.

ಕುವೈತ್‌ನಿಂದ: ನಾನು ಶಿವಮೊಗ್ಗದವಳು, ಇಲ್ಲಿ ನರ್ಸ್. ರಜೆ ಶುಕ್ರವಾರ, ಆರಾಧನೆಯೂ ಶುಕ್ರವಾರವೇ. ನೈಟ್ ಡ್ಯೂಟಿ ಬಿದ್ದರೆ ಅದೂ ಇಲ್ಲ. ಧ್ಯಾನಕ್ಕೆ ಕೂರಲು ಹೊತ್ತೆಲ್ಲಿದೆ ಅಕ್ಕಾ? ಮಾರ್ಕನ ಸುವಾರ್ತೆ 10ನೇ ಅಧ್ಯಾಯದಲ್ಲಿ ಕುರುಡ ಬಾರ್ತಿಮಾಯ ದಾರಿಬದಿಯಲ್ಲಿ ಕೂತು ಯೇಸುವೇ, ಕರುಣಿಸು ಎಂದು ಕೂಗುತ್ತಾನಲ್ಲ, ಅಷ್ಟೇ ನನ್ನ ಪ್ರಾರ್ಥನೆ. ಒಬ್ಬೊಬ್ಬ ರೋಗಿಯ ಬಳಿಯಿಂದ ಬಂದು ಕೈ ತೊಳೆಯುವಾಗ ಹೇಳಿಕೊಳ್ಳುತ್ತೇನೆ. ಏನೂ ಅನ್ನಿಸದಿದ್ದರೂ ಹೇಳುತ್ತೇನೆ. ಮದರ್ ತೆರೇಸಾ ಅವರ ಪತ್ರಗಳು 2007ರಲ್ಲಿ ಹೊರಬಂದಾಗ ಲೋಕವೇ ಬೆರಗಾಯಿತು. ದಶಕಗಟ್ಟಲೆ ಅವರಿಗೆ ದೇವರ ಸಾನ್ನಿಧ್ಯದ ಅನುಭವವೇ ಇರಲಿಲ್ಲವಂತೆ. ಆದರೂ ಅವರು ಪ್ರಾರ್ಥನೆ ಬಿಡಲಿಲ್ಲ, ಬೆಳಿಗ್ಗೆ ಎದ್ದು ರೋಗಿಗಳ ಹತ್ತಿರ ಹೋಗುವುದನ್ನೂ ಬಿಡಲಿಲ್ಲ. ಸಾಕ್ಷಿ ಹೇಳುವವರ ಮುಂದೆ ನೀವು ಕುಗ್ಗಬೇಕಾಗಿಲ್ಲ.

ನಿವೃತ್ತ ಸಭಾಪಾಲಕರೊಬ್ಬರು: ಮಗಳೇ, ಎಲ್ಲರೂ ಒಳ್ಳೆಯ ದಾರಿಯನ್ನೇ ಹೇಳಿದ್ದಾರೆ. ಎರಡು ಮಾತು ಸೇರಿಸುತ್ತೇನೆ. ಮತ್ತಾಯ 5:23-24 ಓದು. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು, ಮೊದಲು ಹೋಗಿ ಸಹೋದರನ ಸಂಗಡ ಒಂದಾಗು ಎನ್ನುತ್ತಾನೆ ಯೇಸು. ಆಸ್ತಿ ಪಾಲಿನಲ್ಲಿ ಅಣ್ಣನ ಜೊತೆ ಮಾತು ಬಿಟ್ಟವರು ದೇವರು ದೂರವಾದನೆಂದು ನನ್ನ ಬಳಿ ಅತ್ತಿದ್ದಾರೆ. ನಾನು ಅವರಿಗೆ ಬೇರೆ ವಾಕ್ಯ ಕೊಡಲಿಲ್ಲ, ಅಣ್ಣನಿಗೆ ಫೋನ್ ಮಾಡಿ ಎಂದೆ. ನಿನ್ನ ವಿಷಯ ಹಾಗೆಂದು ಹೇಳುತ್ತಿಲ್ಲ, ಇದ್ದರೆ ಮಾತ್ರ. ಇನ್ನು, ನಿದ್ದೆ, ಹಸಿವು ಎರಡೂ ಕೆಟ್ಟು ಯಾವುದರಲ್ಲೂ ಮನಸ್ಸಿಲ್ಲ ಎಂದಿದ್ದರೆ ಡಾಕ್ಟರರನ್ನೂ ಕಾಣು. ಅದು ನಂಬಿಕೆಯ ಕೊರತೆ ಅಲ್ಲ.

ಕೇಳಿದವರು: ಎಲ್ಲರಿಗೂ ವಂದನೆ. ನಿದ್ದೆ ಚೆನ್ನಾಗಿದೆ ಅಯ್ಯನವರೇ. ಫೋನ್ ಮಾಡಬೇಕಾದವರು ಒಬ್ಬರಿದ್ದಾರೆ, ಅದನ್ನು ಯೋಚಿಸುತ್ತೇನೆ. ಸದ್ಯಕ್ಕೆ ಧಾರವಾಡದ ಅಕ್ಕ ಹೇಳಿದ್ದು ಹಿಡಿಯುತ್ತೇನೆ. ಆದರೆ ಬೆಳಿಗ್ಗೆ ಗಟ್ಟಿಯಾಗಿ ಓದಿದರೆ ಅತ್ತೆ ಏನಾಯಿತೆಂದು ಓಡಿ ಬರುತ್ತಾರೆ!

ಧಾರವಾಡದಿಂದ: ಕುಕ್ಕರ್ ಇಟ್ಟು ಓದು. ಮೂರು ಸೀಟಿ ಆಗೋದರಾಗ 13ನೇದು ಮುಗೀತದ.