ಸಹಾಯ ಬೇಕು: ಬೇಸ್‌ಬಾಲ್‌ನ ಫೌಲ್ ಲೆಕ್ಕ

ಎಲ್ಲರಿಗೂ ನಮಸ್ಕಾರ. ಈಚೆಗೆ ಬೇಸ್‌ಬಾಲ್ ನೋಡುತ್ತಿದ್ದೇನೆ, ತುಂಬಾ ಇಷ್ಟವಾಗಿದೆ. 3 ಸ್ಟ್ರೈಕ್ (ಬ್ಯಾಟರ್ ಬೀಸಿಯೂ ತಾಗದ ಅಥವಾ ಹೊಡೆಯದೆ ಬಿಟ್ಟ ಸರಿಯಾದ ಎಸೆತ) ಆದರೆ ಔಟ್, 4 ಬಾಲ್ (ಗುರಿ ತಪ್ಪಿದ, ಬ್ಯಾಟರ್ ಬೀಸದೆ ಬಿಟ್ಟ ಎಸೆತ) ಆದರೆ ಬ್ಯಾಟರ್‌ಗೆ ಮೊದಲ ಬೇಸ್ ಸಿಗುತ್ತದೆ. ಇದು ಸುಲಭ.

ಗೊಂದಲ ಇರುವುದು ಫೌಲ್‌ನಲ್ಲಿ, ಅಂದರೆ ಹೊಡೆದ ಚೆಂಡು ಫೌಲ್ ಗೆರೆಯ ಹೊರಗೆ ಹೋದಾಗ. ಮೊದಲ ಎರಡು ಸ್ಟ್ರೈಕ್‌ವರೆಗೆ ಫೌಲ್ ಕೂಡ ಸ್ಟ್ರೈಕ್ ಲೆಕ್ಕಕ್ಕೆ ಸೇರುತ್ತದೆ. ಆಮೇಲೆ ಎಷ್ಟು ಫೌಲ್ ಹೊಡೆದರೂ, ಯಾರೂ ಕ್ಯಾಚ್ ಹಿಡಿಯದಿದ್ದರೆ, ಲೆಕ್ಕ 2ರಲ್ಲೇ ನಿಲ್ಲುತ್ತದೆ. ಆದರೆ ಆಗ ಬಂಟ್ (ಬ್ಯಾಟ್ ಬೀಸದೆ ಚೆಂಡನ್ನು ಮೆಲ್ಲಗೆ ತಟ್ಟುವುದು) ಮಾಡಲು ಹೋಗಿ ಫೌಲ್ ಆದರೆ ಔಟ್! ಬಂಟ್‌ಗೆ ಮಾತ್ರ ಯಾಕೆ ಹೀಗೆ? ಬೇಕಂತಲೇ ಫೌಲ್ ಮಾಡುತ್ತಾ ಚೆಂಡು ಎಸೆಯುವ ಪಿಚರ್‌ನನ್ನು ದಣಿಸಬಾರದು ಅಂತ ಅಲ್ವಾ?

ಇನ್ನೊಂದು ಫೌಲ್ ಟಿಪ್. ಬ್ಯಾಟ್‌ಗೆ ಸವರಿ ನೇರವಾಗಿ ಹಿಂದಿರುವ ಕ್ಯಾಚರ್ ಕೈಸೇರಿದರೆ ಅದು ಸ್ಟ್ರೈಕ್. ಟಿವಿಯಲ್ಲಿ ನೋಡುವಾಗ ಇದನ್ನು ಗುರುತಿಸುವುದು ಹೇಗೆ? ಅಂಪೈರ್‌ನ ಯಾವ ಸನ್ನೆ ನೋಡಬೇಕು? ತಿಳಿದವರು ದಯವಿಟ್ಟು ಹೇಳಿ.